ಗುಂಡು ಹೊತ್ತವನ ಲೆಕ್ಕ

ಶಿರಸಿ ಕಡೆಯ ಓದುಗರೊಬ್ಬರು ಬರೆದಿದ್ದಾರೆ: ‘ಎರಡನೇ ಮಹಾಯುದ್ಧದ ಬರ್ಮಾ ಕಾಳಗದ ಲೇಖನದಲ್ಲಿ ಮೆಷಿನ್ ಗನ್ನಿನವರನ್ನು ಜಾಸ್ತಿ ಹೊಗಳಿದ್ದೀರಿ. ಹತ್ತು ಮಾರು ಆಚೆ ಕಾಣದ ಕಾಡಿನಲ್ಲಿ ಅದು ಬರೀ ಹೊರೆ. ಚುರುಕಾದ ರೈಫಲ್ ಸಿಪಾಯಿ ಸಾಕು. ನಮ್ಮ ಅಜ್ಜನ ತಮ್ಮನೂ ಮರಾಠಾ ಪಡೆ ಸೇರಿ ಬರ್ಮಾಕ್ಕೆ ಹೋಗಿದ್ದ. ಪಾಪ, ಬ್ರೆನ್ ಎಂಬ ಮೆಷಿನ್ ಗನ್ನಿಗೆ ಗುಂಡು ಹೊರುವ ಕೆಲಸ ಅಷ್ಟೇ.’

ರೈಫಲ್ ವಿಷಯ ಒಪ್ಪಿದೆ. ಗಸ್ತು ತಿರುಗುವಾಗ ಹಗುರ ಇದ್ದವನೇ ಜಾಣ. ಬಿದಿರುಮೆಳೆಯಲ್ಲಿ ಹತ್ತು ಕಿಲೋ ಕಬ್ಬಿಣ ಹೊತ್ತು ನಡೆಯುವುದು ತಮಾಷೆಯಲ್ಲ.

ಆದರೆ ಮಾರಾಯರೇ, ಕಾಣುವುದಿಲ್ಲ ಅಂತಲೇ ಮೆಷಿನ್ ಗನ್ ಬೇಕು. ಕಾಣುವವನಿಗೆ ಗುರಿ ಇಡಬಹುದು. ಕಾಣದವನು ಬರುವ ದಾರಿಯನ್ನೇ ಗುಂಡಿನಿಂದ ಮುಚ್ಚಬೇಕು. ಹಗಲಿನಲ್ಲೇ ಗನ್ನಿನ ಮೂತಿಯನ್ನು ಕಾಲುದಾರಿಗೆ ಹೊಂದಿಸಿ, ಆಚೀಚೆ ಗೂಟ ಹೊಡೆದಿಟ್ಟರೆ ಮುಗಿಯಿತು, ಕಗ್ಗತ್ತಲಲ್ಲೂ ಗುಂಡು ಅಲ್ಲಿಗೇ ಹೋಗುತ್ತದೆ. ಗ್ರೆನೇಡ್ ಎಸೆದರೆ ಕೊಂಬೆಗೆ ಬಡಿದು ನಮ್ಮ ಕಾಲಬುಡಕ್ಕೇ ಬೀಳಬಹುದು. ಎದುರಾಳಿ ಜಪಾನೀಯರಿಗೂ ಗನ್ನಿನ ಬೆಲೆ ಗೊತ್ತಿತ್ತು. ರಾತ್ರಿ ಕೂಗಾಡಿ, ಪಟಾಕಿ ಸಿಡಿಸಿ ಬ್ರಿಟಿಷ್ ಸೇನೆಯಲ್ಲಿದ್ದ ನಮ್ಮವರನ್ನು ಕೆಣಕುತ್ತಿದ್ದರು. ಒಮ್ಮೆ ಹೊಡೆದರೆ ಗನ್ ಇರುವ ಜಾಗ ಗೊತ್ತಾಗುತ್ತದಲ್ಲ! ಗನ್ನಿನ ಕುದುರೆಯ (ಟ್ರಿಗರ್) ಮೇಲೆ ಬೆರಳಿಟ್ಟು ಬೆಳಗಿನವರೆಗೆ ಸುಮ್ನೆ ಕೂರುವುದಿದೆಯಲ್ಲ, ಅದಕ್ಕೆ ಎದೆಗಾರಿಕೆ ಬೇಕು.

1944ರ ಏಪ್ರಿಲ್ 6ರಂದು ಇಂಫಾಲದ ಬಳಿ ಜಾಟ್ ಪಡೆಯ ಜಮಾದಾರ್ ಅಬ್ದುಲ್ ಹಫೀಜ್, ಕಾಲಿಗೆ ಗುಂಡು ಬಿದ್ದರೂ, ಗಾಯಾಳುವಿನ ಬ್ರೆನ್ ಎತ್ತಿಕೊಂಡು ಹೊಡೆಯುತ್ತಲೇ ಮುಂದೆ ನಡೆದರು. ಅಲ್ಲೇ ತೀರಿಕೊಂಡರು. ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಬಂತು. ಆ ಗನ್ನಿಗೆ ಗುಡ್ಡದ ಮೇಲಿನವರೆಗೆ ಮ್ಯಾಗಜಿನ್ ಹೊತ್ತವರು ಯಾರು? ಕೇಳುವವರೇ ಇಲ್ಲ.

ಇನ್ನು ನಿಮ್ಮ ಅಜ್ಜನ ತಮ್ಮ. ಇಲ್ಲಿ ಮಾತ್ರ ನಿಮ್ಮ ಮೇಲೆ ನನಗೆ ಸಿಟ್ಟು. ಬ್ರೆನ್ ಮ್ಯಾಗಜಿನ್ನಿನಲ್ಲಿ 30 ಗುಂಡು ಹಿಡಿಯುತ್ತವೆ. ಗುಂಡು ಒಳಗೆ ಸಿಕ್ಕಿಹಾಕಿಕೊಳ್ಳಬಾರದೆಂದು 28 ತುಂಬುತ್ತಿದ್ದರು. ಕುದುರೆ ಒತ್ತಿ ಹಿಡಿದರೆ ನಾಲ್ಕು ಸೆಕೆಂಡಿಗೆ ಖಾಲಿ! ತಕ್ಷಣ ಪಕ್ಕದಲ್ಲಿ ಮಲಗಿದ ಎರಡನೆಯವನು ಖಾಲಿ ಮ್ಯಾಗಜಿನ್ ಕಿತ್ತು ತುಂಬಿದ್ದನ್ನು ಕೂರಿಸಬೇಕು. ನಳಿಗೆ ಕಾದರೆ ಹಿಡಿ ತಿರುಗಿಸಿ ಕಳಚಿ, ಬೇರೆಯದನ್ನು ಹಾಕಬೇಕು. ಮಳೆಯಲ್ಲಿ, ಕೆಸರಲ್ಲಿ, ತಲೆ ಎತ್ತದೆ. ಆಗಿನ ಸಿಪಾಯಿಯ ಎದೆಯ ಚೀಲಗಳ ಅಳತೆಯೇ ಬ್ರೆನ್ ಮ್ಯಾಗಜಿನ್ನಿನದು. ನಿಮ್ಮ ಚುರುಕಾದ ರೈಫಲ್ ಸಿಪಾಯಿಯೂ ಗನ್ನಿಗೆ ಹೊರುತ್ತಿದ್ದ! ಅಡಿಕೆ ಕೊಯ್ಲಿನಲ್ಲಿ ಎಲ್ಲರೂ ಮರದ ಮೇಲಿನ ಕೊನೆಗೌಡನನ್ನು ನೋಡುತ್ತಾರೆ, ಕೆಳಗೆ ಹಗ್ಗ ಹಿಡಿದವನನ್ನಲ್ಲ. ತೋಟದವರು ನೀವು, ನಿಮಗೆ ಹೇಳಬೇಕೇ?

ಪರಮವೀರ ಚಕ್ರ ಪಡೆದ ನಮ್ಮ ಜಿಲ್ಲೆಯವರನ್ನೇ ನೋಡಿ. ಚೆಂಡಿಯಾದ ರಾಮ ರಾಘೋಬ ರಾಣೆ ಬರ್ಮಾ ಕಂಡವರು. 1948ರ ಏಪ್ರಿಲ್‌ನಲ್ಲಿ ಕಾಶ್ಮೀರ ಯುದ್ಧದ ಹೊತ್ತಿಗೆ ನೌಶೇರಾ–ರಜೌರಿ ದಾರಿಯಲ್ಲಿ ಅವರು ಮಾಡಿದ್ದು, ಶತ್ರುವಿನ ಮೆಷಿನ್ ಗನ್ ಹೊಡೆತದ ಕೆಳಗೆ ನೆಲದಲ್ಲಿ ಹೂತ ಸಿಡಿಗುಂಡು (ಮೈನ್) ಕಿತ್ತು, ಬಿದ್ದ ಮರ ಸರಿಸಿ, ಟ್ಯಾಂಕುಗಳಿಗೆ ಹಾದಿ ಬಿಡಿಸಿಕೊಟ್ಟದ್ದು. ಕಾರವಾರದ ಕಡಲ ತೀರದಲ್ಲಿ ಅವರ ಪ್ರತಿಮೆ ಇದೆ. ನಾವು ಪಕ್ಕದ ಚಪಲ್ ಯುದ್ಧನೌಕೆಯ ಮುಂದೆ ಸೆಲ್ಫಿ ಹೊಡೆದು ಐಸ್‌ಕ್ರೀಮಿಗೆ ಹೊರಡುತ್ತೇವೆ. ಸೂಪಾ ಅಣೆಕಟ್ಟೆಗೆ, ಸೀಬರ್ಡ್‌ಗೆ ಮನೆ ಬಿಟ್ಟುಕೊಟ್ಟವರದ್ದೂ ಇದೇ ಪಾಡು. ಕರೆಂಟು ರಾಜ್ಯಕ್ಕೆ, ನೌಕಾನೆಲೆ ದೇಶಕ್ಕೆ, ಎದ್ದು ಹೋದವರು ಯಾರ ಬಾಯಲ್ಲೂ ಇಲ್ಲ.

ನೀವೂ ಅಷ್ಟೇ, ಅಜ್ಜನ ತಮ್ಮನ ಹೆಸರೇ ಬರೆದಿಲ್ಲ! ಅಟ್ಟದಲ್ಲಿ ಹಳೇ ಟ್ರಂಕು ಇದ್ದರೆ ಇಳಿಸಿ. ಪೆನ್ಷನ್ ಕಾಗದವೋ ಫೋಟೊವೋ ಸಿಕ್ಕರೆ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಒಂದು ಪುಟ ತೆಗೆದಿಡುತ್ತೇನೆ. ಗನ್ ಹೊಡೆದವರ ಫೋಟೊ ನನ್ನಲ್ಲಿ ಬೇಕಾದಷ್ಟಿದೆ.

– ಸಂ.