ಇತಿಹಾಸ ಎಂ.ಎ. ಓದುವವರು ವಿಭಾಗದ ಉಪನ್ಯಾಸ, ಕಾರ್ಯಾಗಾರಗಳಿಗೆಲ್ಲ ಹೋಗಬೇಕಾ, ಇಲ್ಲ ಆ ಹೊತ್ತಲ್ಲಿ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ಕೆ-ಸೆಟ್‌ಗೆ ಓದಿಕೊಳ್ಳೋದು ವಾಸಿಯಾ?

ಪ್ರಮಾಣಪತ್ರದ ಫೈಲು ದಪ್ಪ ಆಗ್ತಿದೆ, ಕೆ-ಸೆಟ್ ಪುಸ್ತಕ ಮಾತ್ರ ತೆರೆದೇ ಇಲ್ಲ ಅಂತ ಬರೆದಿದ್ದೀರಿ. ನನ್ನದೂ ಅಂಥದ್ದೇ ಒಂದು ಫೈಲು ಈಗಲೂ ಮನೆಯ ಅಟ್ಟದ ಮೇಲಿದೆ. ಕೆಲಸದ ಸಂದರ್ಶನಗಳಿಗೆಲ್ಲ ಹೊತ್ತುಕೊಂಡು ಹೋದೆ. ಯಾರೂ ಬಿಚ್ಚಿ ನೋಡಲಿಲ್ಲ.

ನಾನು ಎಂ.ಎ. ಕೊನೆಯ ವರ್ಷದಲ್ಲಿದ್ದಾಗ ವಿಭಾಗದಲ್ಲಿ ಶಾಸನ ಕಾರ್ಯಾಗಾರ ಇಟ್ಟಿದ್ದರು. ಬೆಳಗ್ಗೆ ಪೂರ್ತಿ ಉದ್ಘಾಟನೆ. ಪ್ರಾರ್ಥನೆ, ಸ್ವಾಗತ, ಗಿಡಕ್ಕೆ ನೀರು, ಶಾಲು, ಹಾರ, ಮೈಸೂರು ಪೇಟ. ಅಧ್ಯಕ್ಷರ ಮಾತು ಮುಗಿಯುವ ಹೊತ್ತಿಗೆ ಊಟದ ವೇಳೆ. ಊಟ ಆದ ಮೇಲೆ ಎಲ್ಲರನ್ನೂ ಬಸ್ಸಿಗೆ ಹತ್ತಿಸಿ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ಈಶ್ವರನ ಗುಡಿ ಮುಂದೆ ಎರಡು ವೀರಗಲ್ಲು. ಎರಡರಲ್ಲೂ ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ. ಈ ಚಿತ್ರಗಳ ಮಧ್ಯದ ಪಟ್ಟಿಗಳಲ್ಲಿ ಬರಹ.

ಅಚ್ಚು ತೆಗೆಯೋದನ್ನು ಅವತ್ತೇ ಮೊದಲ ಸಲ ನೋಡಿದ್ದು. ಕಲ್ಲನ್ನು ನೀರು ಹಾಕಿ ಬ್ರಷ್‌ನಲ್ಲಿ ಉಜ್ಜಿದರು. ನೆನೆಸಿದ ಹಾಳೆಯನ್ನು ಅಂಟಿಸಿ, ಇನ್ನೊಂದು ಬ್ರಷ್‌ನಿಂದ ಟಪಟಪ ಅಂತ ಬಡಿದರು. ಹಾಳೆ ಅಕ್ಷರಗಳ ಕುಳಿಯೊಳಗೆ ಇಳಿಯಿತು. ಸ್ವಲ್ಪ ಆರಿದ ಮೇಲೆ ಬಟ್ಟೆ ಉಂಡೆಗೆ ಮಸಿ ಮಾಡಿಕೊಂಡು ಮೇಲಿಂದ ಮೇಲೆ ಒತ್ತಿದರು. ಉಬ್ಬಿದ ಜಾಗವೆಲ್ಲ ಕಪ್ಪಾಯಿತು, ಅಕ್ಷರ ಬೆಳ್ಳಗೆ ಎದ್ದು ನಿಂತವು. ಕಲ್ಲಿನ ಮೇಲೆ ನನಗೆ ಗೀರಿನ ಹಾಗೆ ಕಂಡಿದ್ದು ಹಾಳೆಯ ಮೇಲೆ ‘ತುರು’ (ದನ) ಅಂತ ಓದೋಕೆ ಬಂತು. ಹುಚ್ಚು ಹಿಡಿದಂತಾಯಿತು. ಸಂಜೆವರೆಗೂ ಕೈ ಮಸಿ ಮಾಡಿಕೊಂಡು ನಾನೇ ಜಾಸ್ತಿ ಹಾಳೆ ತೆಗೆದೆ.

ತಪ್ಪಾಗಿದ್ದು ಅಲ್ಲೇ. ಹಾಳೆಗಳ ಮೇಲೆ ಏನೂ ಬರೆದುಕೊಳ್ಳಲಿಲ್ಲ. ಸಂಪನ್ಮೂಲ ವ್ಯಕ್ತಿಯಾಗಿ ಬಂದಿದ್ದ ಮೇಷ್ಟ್ರು ಹೇಳಿದ್ದರು: ಪ್ರತಿ ಹಾಳೆಯ ಹಿಂದೆ ಪೆನ್ಸಿಲ್‌ನಲ್ಲಿ ಊರು, ಹೋಬಳಿ, ತಾಲೂಕು, ಕಲ್ಲು ಎಲ್ಲಿ ನಿಂತಿದೆ, ಯಾವ ಮುಖ, ಮೇಲಿನಿಂದ ಎಷ್ಟನೇ ಪಟ್ಟಿ, ತಾರೀಖು. ಕೇಳಿಸಿಕೊಂಡೆ. ಬರೆಯೋಕೆ ಏನಿದೆ, ನನಗೇ ಗೊತ್ತಲ್ವಾ ಅಂದುಕೊಂಡೆ. ಪೆನ್ಸಿಲ್ ಜೇಬಿನಲ್ಲೇ ಇತ್ತು. ಬಸ್ಸು ಹಾರ್ನ್ ಹೊಡೆಯಿತು, ಎರಡೂ ಕಲ್ಲಿನ ಹಾಳೆಗಳನ್ನು ಒಂದೇ ಸುರುಳಿ ಮಾಡಿ ರಬ್ಬರ್ ಬ್ಯಾಂಡ್ ಹಾಕಿದೆ.

ಆ ಶಾಸನಗಳ ಮೇಲೆಯೇ ಪ್ರಬಂಧದ ಒಂದು ಅಧ್ಯಾಯ ಬರೆಯೋಣ ಅಂತ ಹಾಸ್ಟೆಲಿನಲ್ಲಿ ಸುರುಳಿ ಬಿಚ್ಚಿದೆ. ಒಂದು ಹಾಳೆಯಲ್ಲಿ ಶಕ ವರ್ಷ, ಒಂದರಲ್ಲಿ ತುರು ಬಿಡಿಸಿ ಸುರಲೋಕಕ್ಕೆ ಹೋದ ಅಂತ, ಇನ್ನೊಂದರಲ್ಲಿ ಹೆಸರು, ಮತ್ತೊಂದರಲ್ಲಿ ಇನ್ನೊಬ್ಬನ ಹೆಸರು. ಯಾವುದು ಯಾವ ಕಲ್ಲಿನದ್ದು? ಅಕ್ಷರ ಒಂದೇ ಥರ, ಪಟ್ಟಿಯ ಅಗಲವೂ ಹೆಚ್ಚು ಕಡಿಮೆ ಒಂದೇ. ಶಕ ವರ್ಷಕ್ಕೆ 78 ಕೂಡಿಸಿ ಇಸವಿ ತೆಗೆದೆ, ಸರಿ. ಆದರೆ ಆ ವರ್ಷ ಸತ್ತವನು ಇವನಾ, ಅವನಾ? ಬಿ.ಎಲ್. ರೈಸ್ 1886ರಲ್ಲಿ ಶುರುಮಾಡಿದ ಎಪಿಗ್ರಾಫಿಯಾ ಕರ್ನಾಟಿಕದಲ್ಲಿ ತಾಲೂಕುವಾರು ನಂಬರ್ ಹಾಕಿ ಶಾಸನಗಳನ್ನು ಕೊಟ್ಟಿದ್ದಾರೆ. ಹುಡುಕಿದೆ. ನಮ್ಮ ಕಲ್ಲುಗಳು ಅದರಲ್ಲಿ ಇರಲಿಲ್ಲ. ಗುಂಪು ಫೋಟೋದಲ್ಲಾದರೂ ಕಾಣಬಹುದು ಅಂತ ನೋಡಿದರೆ ಒಂದು ಕಲ್ಲಿನ ಮುಂದೆ ಮುಖ್ಯ ಅತಿಥಿಗಳು ಶಾಲು ಹೊದ್ದು ನಿಂತಿದ್ದಾರೆ, ಇನ್ನೊಂದರ ಮುಂದೆ ನಾನು.

ಹೋಗಿ ನೋಡಿಕೊಂಡು ಬಂದರಾಯಿತು ಅಂತ ಪರೀಕ್ಷೆ ಮುಗಿಯುವವರೆಗೆ ತಡಮಾಡಿದೆ. ಅಷ್ಟರಲ್ಲಿ ಗುಡಿಯ ಜೀರ್ಣೋದ್ಧಾರ ಆಗಿತ್ತು. ವೀರಗಲ್ಲುಗಳಿಗೆ ದಪ್ಪಗೆ ಆಯಿಲ್ ಪೇಂಟ್ ಬಳಿದು, ಕೆಳಗಿನ ಅರ್ಧವನ್ನು ಹೊಸ ಕಟ್ಟೆಯ ಸಿಮೆಂಟಿನಲ್ಲಿ ಹೂತಿದ್ದರು. ಊರವರು ಪ್ರೀತಿಯಿಂದಲೇ ಮಾಡಿದ್ದು, ಕಾಫಿ ಕೊಟ್ಟು ತೋರಿಸಿದರು. ನನ್ನ ಪ್ರಬಂಧದ ಗೈಡ್ ಆಗಿದ್ದ ಮೇಷ್ಟ್ರು ಹಾಳೆಗಳನ್ನೆಲ್ಲ ನೋಡಿ, “ಅಧ್ಯಾಯ ಬಿಟ್ಟುಬಿಡಪ್ಪಾ, ಇದನ್ನು ಆಧಾರ ಅಂತ ಕೊಡೋಕೆ ಆಗಲ್ಲ” ಅಂದರು. ಇಡೀ ಪ್ರಬಂಧದಲ್ಲಿ ಹೊಸದು ಅಂತ ಇದ್ದಿದ್ದು ಅದೊಂದೇ. ಉಳಿದಿದ್ದು ಬೇರೆಯವರ ಪುಸ್ತಕದಿಂದ ಎತ್ತಿಕೊಂಡಿದ್ದು. ಪಿಎಚ್.ಡಿ. ಸಂದರ್ಶನದಲ್ಲಿ “ನಿಮ್ಮ ಸ್ವಂತ ಕೆಲಸ ಏನು?” ಅಂದಾಗ ತೋರಿಸೋಕೆ ಏನೂ ಇರಲಿಲ್ಲ. ಸೀಟು ಸಿಗಲಿಲ್ಲ. ಕಲ್ಲು ಹೋಗಿದ್ದಕ್ಕೆ ಊರವರನ್ನು ಬೈಯೋದು ಸುಲಭ. ಹಾಳೆಗೊಂದು ಸಾಲು ಬರೆದಿದ್ದರೆ ಕಲ್ಲು ಹೋದರೂ ಓದು ಉಳಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆ. ಕಾರ್ಯಾಗಾರ ಒಂದು ಕಡೆ, ಕೆ-ಸೆಟ್ ಇನ್ನೊಂದು ಕಡೆ ಅಂತ ನೀವು ಗೆರೆ ಎಳೆದಿದ್ದೇ ನನಗೆ ಒಪ್ಪಿಗೆಯಿಲ್ಲ. ಕೆ-ಸೆಟ್ ಪಠ್ಯಕ್ರಮ ತೆಗೆದು ನೋಡಿ. ಇತಿಹಾಸದ ಮೊದಲ ಘಟಕವೇ ಆಕರಗಳು: ಉತ್ಖನನ, ಶಾಸನ, ನಾಣ್ಯ. ಕೊನೆಯದು ಸಂಶೋಧನಾ ವಿಧಾನ. ಒಂದು ಅಚ್ಚು ಕೈಯಾರೆ ತೆಗೆದವರಿಗೆ ಅದನ್ನು ಉರು ಹೊಡೆಯೋ ಕಷ್ಟ ಇರಲ್ಲ.

ಹಾಗಂತ ಎಲ್ಲದಕ್ಕೂ ಹೋಗಿ ಅಂತಲ್ಲ. ‘ಇತಿಹಾಸದಲ್ಲಿ ಇತ್ತೀಚಿನ ಪ್ರವೃತ್ತಿಗಳು’ ಅನ್ನೋ ತರಹದ ಉಪನ್ಯಾಸಕ್ಕೆ ಚಕ್ಕರ್ ಹಾಕಿ, ಪಾಪ ಬರಲ್ಲ. ಶಾಸನದ್ದೋ, ನಾಣ್ಯದ್ದೋ, ಕಡತ ಓದೋದೋ, ಕೈಗೆ ಕೆಲಸ ಕೊಡೋದಾದರೆ ತಪ್ಪಿಸಬೇಡಿ. ಮರಾಠಿಯ ಹಳೇ ಕೈಬರಹವಾದ ಮೋಡಿ ಲಿಪಿ ಕಲಿಸ್ತಾರೆ ಅಂದರಂತೂ ಓಡಿಹೋಗಿ ಸೇರಿಕೊಳ್ಳಿ. ಧಾರವಾಡ, ಬೆಳಗಾವಿ ಕಡೆಯ ಪೇಶ್ವೆ ಕಾಲದ ಕಾಗದಪತ್ರ ಮುಟ್ಟಬೇಕಾದರೆ ಮೋಡಿ ಬರಲೇಬೇಕು, ಓದಬಲ್ಲವರು ಕಡಿಮೆ. ಈಗ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಶಾಸನಗಳನ್ನು ತ್ರೀಡಿ ಸ್ಕ್ಯಾನ್ ಮಾಡುತ್ತಿದ್ದಾರೆ. ಅಂಥದ್ದನ್ನು ಹೇಳಿಕೊಡೋರು ಬಂದರೆ ಮುಂದಿನ ಬೆಂಚಲ್ಲಿ ಕೂರಿ. ಸ್ಕ್ಯಾನ್ ಆದರೂ ಫೈಲಿಗೆ ಊರಿನ ಹೆಸರು ಹಾಕಬೇಕು, ಮರೀಬೇಡಿ.

ಉಪನ್ಯಾಸ ಮುಗಿದ ಕೂಡಲೇ ಹಾಸ್ಟೆಲಿಗೆ ಓಡಬೇಡಿ. ವೇದಿಕೆ ಮೇಲೆ ಹೇಳದ್ದನ್ನು ಟೀ ಕುಡಿಯುವಾಗ ಹೇಳ್ತಾರೆ: ಯಾವ ಊರಲ್ಲಿ ಓದದ ಕಲ್ಲಿದೆ, ಯಾರ ಮನೆಯಲ್ಲಿ ಹಳೇ ಕಡತ ಇದೆ. ಅದನ್ನೂ ಬರೆದಿಟ್ಟುಕೊಳ್ಳಿ.

ಮತ್ತೆ, ಆಹ್ವಾನದಲ್ಲಿ ಹತ್ತು ಗಂಟೆ ಅಂತಿದ್ದರೆ ಹನ್ನೆರಡಕ್ಕೆ ಹೋಗಿ ಸಾಕು. ಅಲ್ಲಿವರೆಗೂ ಲೈಬ್ರರಿಯಲ್ಲಿ ಕೂತು ಕೆ-ಸೆಟ್‌ಗೆ ಓದಿ.