ಕೋಶವನ್ನು ತಳ್ಳುವವರು ಯಾರು?

ಓದುಗರ ಪತ್ರ: "ಗಾಯದಿಂದ ಹೊರಡುವ ರಾಸಾಯನಿಕಗಳು ಬಿಳಿ ರಕ್ತಕಣಗಳನ್ನು ಕರೆಯುತ್ತವೆ ಎಂದು ಬರೆದಿದ್ದೀರಿ. ಕರೆದರೆ ಸಾಕೇ? ರಕ್ತನಾಳದಲ್ಲಿ ಹರಿವು ಹೊತ್ತೊಯ್ಯುತ್ತದೆ, ಸರಿ. ಒತ್ತೊತ್ತಾದ ಅಂಗಾಂಶದೊಳಗೆ ಅವುಗಳನ್ನು ತಳ್ಳುವವರು ಯಾರು? ಆ ಬಲವನ್ನು ತಡೆದರೆ ಕ್ಯಾನ್ಸರ್ ಹರಡುವುದೂ ನಿಲ್ಲಬೇಕಲ್ಲವೇ?"

ಸಂಪಾದಕರ ಉತ್ತರ: ತಳ್ಳುವವರು ಯಾರೂ ಇಲ್ಲ, ಕೋಶವೇ ತನ್ನನ್ನು ಎಳೆದುಕೊಂಡು ಹೋಗುತ್ತದೆ. ಕರೆಯ ಬಗ್ಗೆ ಉದ್ದಕ್ಕೆ ಹೇಳಿ ಬಲದ ಬಗ್ಗೆ ಮೌನವಾಗುವುದು ಪಠ್ಯಪುಸ್ತಕಗಳಲ್ಲೂ ಉಂಟು. ಹಾಗಾಗಿ ನಿಮ್ಮ ತಕರಾರು ನ್ಯಾಯವಾದದ್ದೇ.

ತೆವಳುವ ಕೋಶದ ಮುಂಭಾಗದಲ್ಲಿ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳು ಬೆಳೆಯುತ್ತಾ ಪೊರೆಯನ್ನು ಮುಂದಕ್ಕೆ ಚಾಚುತ್ತವೆ. ಚಾಚಿದ ಭಾಗ ಪೊರೆಯಲ್ಲಿರುವ ಹಿಡಿಕೆಯಂಥ ಪ್ರೋಟೀನುಗಳಾದ ಇಂಟೆಗ್ರಿನ್‌ಗಳ ಮೂಲಕ ಸುತ್ತಲಿನ ಕೊಲಾಜೆನ್ ನಾರುಗಳನ್ನು ಹಿಡಿಯುತ್ತದೆ. ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಆ ಆಕ್ಟಿನ್ ಎಳೆಗಳನ್ನು ಜಗ್ಗಿದಾಗ ಹಿಂಭಾಗ ಹಿಡಿತ ಬಿಟ್ಟು ಮುಂದೆ ಸರಿಯುತ್ತದೆ. 1980ರಲ್ಲಿ ಆಲ್ಬರ್ಟ್ ಹ್ಯಾರಿಸ್ ಮತ್ತು ಸಂಗಡಿಗರು ತೆಳು ಸಿಲಿಕೋನ್ ರಬ್ಬರಿನ ಮೇಲೆ ಕೋಶಗಳನ್ನು ಬೆಳೆಸಿದಾಗ, ಅವು ಎಳೆದ ಕಡೆ ರಬ್ಬರೇ ಸುಕ್ಕುಗಟ್ಟಿತು!

ಈ ಎಳೆತ ನಡೆಯಲು ಮಾತ್ರವಲ್ಲ, ತಡಕಿ ನೋಡಲೂ ಬೇಕು. ಕತ್ತಲಲ್ಲಿ ಹೋಗುವವನು ಕೋಲಿನಿಂದ ನೆಲ ಕುಟ್ಟಿ ನೋಡುವಂತೆ ಕೋಶವು ಜಗ್ಗಿ ನೋಡಿ ಗಟ್ಟಿತನವನ್ನು ಅರಿಯುತ್ತದೆ. 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅರ್ಧ ಮೆತ್ತಗೆ, ಅರ್ಧ ಗಟ್ಟಿಯಾದ ಜೆಲ್ ಮೇಲೆ ಅಂಗಾಂಶದ ನಾರುಗಳನ್ನು ತಯಾರಿಸುವ ಫೈಬ್ರೊಬ್ಲಾಸ್ಟ್ ಕೋಶಗಳನ್ನು ಬಿಟ್ಟಿದ್ದರು. ಮೆತ್ತನೆಯ ಬದಿಯವು ಸಲೀಸಾಗಿ ಗಡಿ ದಾಟಿದವು. ಗಟ್ಟಿ ಬದಿಯವು ಗಡಿಯವರೆಗೆ ಬಂದು ತಿರುಗಿಬಿಟ್ಟವು. ದಾರಿ ತೋರಿಸಿದ್ದು ನೆಲದ ಗಟ್ಟಿತನವೇ ಹೊರತು ರಾಸಾಯನಿಕದ ಕರೆಯಲ್ಲ.

ಬಿಳಿ ಕಣಗಳಿಗೆ ಇಷ್ಟು ಬಿಗಿಯಾದ ಹಿಡಿತ ಬೇಕಿಲ್ಲ. ಹಿಂಭಾಗವನ್ನು ಸಂಕುಚಿಸಿ ಮುಂಭಾಗವನ್ನು ಚಾಚುತ್ತಾ ಸಂದಿಗಳಲ್ಲಿ ನುಸುಳುತ್ತವೆ, ನಿಮಿಷಕ್ಕೆ ಸುಮಾರು 10 ಮೈಕ್ರೊಮೀಟರ್ ವೇಗದಲ್ಲಿ. ಸಿಕ್ಕಿಕೊಳ್ಳುವುದು ಗಟ್ಟಿಯಾದ ಕೋಶಕೇಂದ್ರ. ಅದು ತೀರಾ ಹಿಂಡಿಹೋದರೆ ಹೊದಿಕೆ ಹರಿದು ಡಿಎನ್ಎಗೆ ಹಾನಿಯಾಗಬಲ್ಲದು ಎಂದು 2016ರಲ್ಲಿ ಎರಡು ತಂಡಗಳು ತೋರಿಸಿದವು. ಆ ಹರಕನ್ನು ಕೋಶ ಸಾಮಾನ್ಯವಾಗಿ ತಾನೇ ಹೊಲಿದುಕೊಳ್ಳುತ್ತದೆ.

ನೀವು 'ಸರಿ' ಎಂದು ಬಿಟ್ಟುಕೊಟ್ಟ ಹರಿವಿನಲ್ಲೂ ಒಂದು ಸೋಜಿಗವಿದೆ. ನಾಳದ ಗೋಡೆಗೆ ಸೆಲೆಕ್ಟಿನ್ ಪ್ರೋಟೀನುಗಳಿಂದ ಅಂಟಿ ಉರುಳುವ ಕಣವನ್ನು ರಕ್ತ ಸೆಳೆದಷ್ಟೂ, ಒಂದು ಮಿತಿಯವರೆಗೆ, ಹಿಡಿತ ಬಲವಾಗುತ್ತದೆ.

ಕ್ಯಾನ್ಸರ್ ವಿಷಯದಲ್ಲಿ ಮಾತ್ರ ನಿಮ್ಮ ತರ್ಕ ಅವಸರದ್ದು. ಗೆಡ್ಡೆಯಿಂದ ಹೊರಡುವ ಕೋಶಗಳು ಬಳಸುವುದೂ ಇದೇ ಆಕ್ಟಿನ್, ಇದೇ ಮಯೋಸಿನ್. ಮೈಯೆಲ್ಲ ಅದನ್ನು ತಡೆದರೆ ಗಾಯ ಮಾಯಿಸುವ ಕೋಶಗಳೂ ಸೋಂಕಿನತ್ತ ಹೊರಟ ಬಿಳಿ ಕಣಗಳೂ ನಿಂತಲ್ಲೇ ನಿಲ್ಲುತ್ತವೆ. ಜೊತೆಗೆ, ಒಂದು ಬಗೆಯ ನಡಿಗೆಯನ್ನು ಕಟ್ಟಿಹಾಕಿದರೆ ಕ್ಯಾನ್ಸರ್ ಕೋಶ ಇನ್ನೊಂದಕ್ಕೆ ಬದಲಾಯಿಸಿಕೊಳ್ಳಬಲ್ಲದು.