ಅಂಡಮಾನಿನಲ್ಲಿ ಡೈವಿಂಗ್: ಎರಡು ವರ್ಷ ಗ್ಯಾಪ್ ಆಗಿದೆ, ಹೋಗಬಹುದಾ?

ಪ್ರಶ್ನೆ: ಎರಡು ವರ್ಷದ ಹಿಂದೆ ಸ್ಕೂಬಾ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿದೆ. ಆಮೇಲೆ ನೇತ್ರಾಣಿಯಲ್ಲಿ ಎರಡು ಸಲ ಇಳಿದದ್ದು ಬಿಟ್ಟರೆ ಡೈವ್ ಮಾಡಿಲ್ಲ. ಫೆಬ್ರವರಿಯಲ್ಲಿ ಐದು ದಿನ ಅಂಡಮಾನಿನ ಹ್ಯಾವ್‌ಲಾಕ್‌ಗೆ (ಈಗಿನ ಸ್ವರಾಜ್ ದ್ವೀಪ) ಹೋಗೋಣ ಅಂತಿದ್ದೇನೆ. ಅಲ್ಲಿ ನೀರೊಳಗಿರುವ ಡಿಕ್ಸನ್ಸ್ ಪಿನಾಕಲ್ ಅನ್ನುವ ಬಂಡೆ ನೋಡದೆ ಬರಬೇಡ ಅಂತಾಳೆ ಗೆಳತಿ. ಹೇಗೆ ಪ್ಲಾನ್ ಮಾಡಲಿ?
– ಓದುಗರು, ಮೈಸೂರು

ಉತ್ತರ: ಖಂಡಿತ ಹೋಗಿ. ಫೆಬ್ರವರಿಯಲ್ಲಿ ಅಲ್ಲಿ ಸಮುದ್ರ ಸಾಮಾನ್ಯವಾಗಿ ಶಾಂತ, ನೀರೂ ಬೆಚ್ಚಗಿರುತ್ತದೆ. ಆದರೆ ಡಿಕ್ಸನ್ಸ್ ಈ ಸಲ ಬೇಡ. ಆ ಬಂಡೆಯ ತುದಿ ಇರುವುದೇ ಸುಮಾರು 18 ಮೀಟರ್ ಆಳದಲ್ಲಿ. ನಿಮ್ಮ ಸರ್ಟಿಫಿಕೇಟಿನ ಮಿತಿಯೂ 18 ಮೀಟರ್, ಅಂದರೆ ನೀವು ನಿಲ್ಲಬೇಕಾದ ಕಡೆಯಿಂದಲೇ ಆ ಜಾಗ ಶುರು. ಜೊತೆಗೆ ಸೆಳೆತ ಬೇರೆ. ಅಡ್ವಾನ್ಸ್ಡ್ ಕೋರ್ಸ್ ಮಾಡಿಕೊಂಡು ಹೋದರೆ ಆ ಜಾಗವನ್ನು ನೆಮ್ಮದಿಯಿಂದ ನೋಡಬಹುದು, ಅಲ್ವಾ?

ಟಿಕೆಟ್ ಬುಕ್ ಮಾಡುವ ಮುಂಚೆ ಕ್ಯಾಲೆಂಡರ್ ತೆಗೆದು ಅಮಾವಾಸ್ಯೆ, ಹುಣ್ಣಿಮೆ ಯಾವಾಗ ಅಂತ ನೋಡಿ. ಆ ದಿನಗಳ ಆಸುಪಾಸಿನಲ್ಲಿ ಉಬ್ಬರವಿಳಿತ ದೊಡ್ಡದಿರುವುದರಿಂದ ನೀರೊಳಗಿನ ಸೆಳೆತವೂ ಜೋರಿರುತ್ತದೆ. ಅಷ್ಟಮಿ ಹತ್ತಿರದ ದಿನಗಳು ಸಿಕ್ಕರೆ ಹೊಸಬರಿಗೆ ತುಂಬಾ ಒಳ್ಳೆಯದು. ಇದನ್ನು ಜಾಸ್ತಿ ಜನ ಯೋಚಿಸುವುದೇ ಇಲ್ಲ.

ಮೊದಲ ದಿನ ಬರೀ ಪ್ರಯಾಣ. ಎರಡನೇ ದಿನ ನೆಮೋ ರೀಫ್‌ನಲ್ಲಿ ರಿಫ್ರೆಶರ್, ಅಂದರೆ ಕಲಿತದ್ದನ್ನು ಮತ್ತೆ ನೆನಪಿಸಿಕೊಳ್ಳುವ ಅಭ್ಯಾಸ, ಮಾಡಿ. ದಡದಿಂದಲೇ ಇಳಿಯುವ ಜಾಗ ಅದು, ಆಳ ಕಡಿಮೆ. ಮಾಸ್ಕ್‌ಗೆ ನೀರು ತುಂಬಿಸಿ ಖಾಲಿ ಮಾಡುವುದು, ಏಳದೆ ಮುಳುಗದೆ ಒಂದೇ ಮಟ್ಟದಲ್ಲಿ ತೇಲುವುದು ಇವೆರಡೂ ಕೈ ಹತ್ತಿದ ಮೇಲೆಯೇ ಮೂರನೇ ದಿನ ದೋಣಿ ಹತ್ತಿ. ಲೈಟ್‌ಹೌಸ್ ಥರದ ಕಡಿಮೆ ಆಳದ ಜಾಗ ಕೇಳಿ. ದಿ ವಾಲ್ ಅನ್ನುವ ನೀರೊಳಗಿನ ಬಂಡೆಗೋಡೆಗೆ ಕರೆದರೆ ಹುಷಾರು. ಗೋಡೆಯ ಪಕ್ಕ ಕಾಲ ಕೆಳಗೆ ನೆಲ ಇರುವುದಿಲ್ಲ, ಮೀನು ನೋಡುತ್ತಾ ನೋಡುತ್ತಾ ಎಷ್ಟು ಕೆಳಗೆ ಹೋದೆವು ಅಂತ ಗೊತ್ತೇ ಆಗುವುದಿಲ್ಲ. ಆಳ, ಸಮಯ ತೋರಿಸುವ ಡೈವ್ ಕಂಪ್ಯೂಟರ್ ನಿಮ್ಮ ಕೈಯಲ್ಲೇ ಇರಲಿ, ಗೈಡ್ ಕೈಯಲ್ಲಿದ್ದರೆ ಸಾಲದು.

ಡೈವ್ ಶಾಪಿನವರಿಗೆ ಮೊದಲೇ ಫೋನ್ ಮಾಡಿ ಹೀಗೇ ಹೇಳಿ: "ಎರಡು ವರ್ಷದಿಂದ ಹೆಚ್ಚುಕಮ್ಮಿ ಡೈವ್ ಮಾಡಿಲ್ಲ, ನನಗೆ ಗಾಳಿ ಬೇಗ ಖಾಲಿಯಾಗುತ್ತದೆ, ಒಬ್ಬ ಗೈಡ್ ಜೊತೆ ಎಷ್ಟು ಜನ ಇರುತ್ತಾರೆ?" ನಾಲ್ಕಕ್ಕಿಂತ ಜಾಸ್ತಿ ಅಂದರೆ ಬೇರೆ ಕಡೆ ನೋಡಿ. ಅನುಭವ ಜಾಸ್ತಿ ಹೇಳಿಕೊಳ್ಳುವುದು ಮಾತ್ರ ಬೇಡ, ಅವರು ನಿಮ್ಮ ಮಾತು ನಂಬಿಯೇ ಜಾಗ ಆರಿಸುತ್ತಾರೆ. ನೀರಿನೊಳಗೆ ಸಿಲಿಂಡರಿನ ಗಾಳಿಯ ಒತ್ತಡ 200 ಬಾರ್ ಇದ್ದದ್ದು 100ಕ್ಕೆ ಬಂದ ಕೂಡಲೇ ಗೈಡ್‌ಗೆ ಕೈಸನ್ನೆ ಮಾಡಿ. ನಿಧಾನವಾಗಿ ಮೇಲೆ ಬರುತ್ತಾ 5 ಮೀಟರಿನಲ್ಲಿ 3 ನಿಮಿಷ ನಿಲ್ಲಬೇಕು, ಅದೆಲ್ಲ ಮುಗಿಸಿ ದೋಣಿ ಹತ್ತುವಾಗಲೂ 50 ಬಾರ್ ಉಳಿದಿರಬೇಕು.

ನಾಲ್ಕನೇ ದಿನ ಬೆಳಿಗ್ಗೆ ಒಂದೇ ಡೈವ್. ಮಧ್ಯಾಹ್ನದ ಫೆರ್ರಿಗೆ ಪೋರ್ಟ್ ಬ್ಲೇರ್ (ಈಗಿನ ಶ್ರೀ ವಿಜಯಪುರಂ) ಸೇರಿ ರಾತ್ರಿ ಅಲ್ಲೇ ಉಳಿಯಿರಿ. ದಿನಗಟ್ಟಲೆ ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು, ನಾನು ಎಲ್ಲರಿಗೂ 24 ಅಂತಲೇ ಹೇಳುವುದು. ಹಾಗಾಗಿ ಐದನೇ ದಿನದ ವಿಮಾನ ಮಧ್ಯಾಹ್ನದ್ದೇ ಇರಲಿ.

ಡೈವಿಂಗ್ ಇನ್ಶೂರೆನ್ಸ್ ಮಾಡಿಸಿ, ಮಾಮೂಲಿ ಟ್ರಾವೆಲ್ ಪಾಲಿಸಿಯಲ್ಲಿ ಡೈವಿಂಗ್ ಸೇರಿದೆ ಅಂದುಕೊಳ್ಳಬೇಡಿ. ಆಸ್ತಮಾ, ಬಿಪಿ ಏನಾದರೂ ಇದ್ದರೆ ಹೊರಡುವ ಮುಂಚೆಯೇ ಡಾಕ್ಟರ ಹತ್ತಿರ ಕೇಳಿಕೊಳ್ಳಿ. ಅಲ್ಲಿ ಹೋದ ಮೇಲೆ ಶೀತವಾಗಿ ಮೂಗು ಕಟ್ಟಿದರೆ ಮಾತ್ರೆ ನುಂಗಿ ಇಳಿಯಬೇಡಿ. ಮಾತ್ರೆಯ ಪ್ರಭಾವ ನೀರೊಳಗೇ ಇಳಿದುಹೋದರೆ ಮೇಲೆ ಬರುವಾಗ ಕಿವಿಯೊಳಗಿನ ಗಾಳಿ ಸಿಕ್ಕಿಕೊಂಡು ಪೆಟ್ಟಾಗಬಹುದು. ಆ ದಿನ ರಾಧಾನಗರ ಬೀಚಿಗೆ ಹೋಗಿ ಬನ್ನಿ.